ಹಲ್ಲಿಲ್ಲದವನ ಹೆಸರು

ಸತ್ತವರು ತಿರುಗಿ ಬರುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ಅವರ ಮುಖಕ್ಕೇ ನಗುತ್ತಿದ್ದವಳು. ಊರಿನಲ್ಲಿ ನಮ್ಮ ನೆರೆಮನೆಯ ಗಿರಿಜಕ್ಕ, ಹುಟ್ಟಿ ವಾರ ತುಂಬುವ ಮೊದಲೇ ತೀರಿಹೋದ ತನ್ನ ಹೆಣ್ಣುಮಗುವಿಗೆ ಮದುವೆಯ ಪ್ರಾಯವಾಯಿತೆಂದು, ಹಾಗೆಯೇ ಸಣ್ಣದರಲ್ಲಿ ತೀರಿಹೋದ ಗಂಡುಮಗುವಿನ ಮನೆಯವರನ್ನು ಹುಡುಕಿ, ಸೀರೆ, ಬಳೆ, ಕರಿಮಣಿ ಇಟ್ಟು ಮದುವೆ ಮಾಡಿಸಿದಳು. ತುಳುವರಲ್ಲಿ ಅದಕ್ಕೆ ಕುಲೆಗಳ, ಅಂದರೆ ಸತ್ತವರ ಆತ್ಮಗಳ, ಮದುವೆ ಅನ್ನುತ್ತಾರೆ. ನಾನೂ ಊಟಕ್ಕೆ ಹೋಗಿದ್ದೆ, ಎರಡು ಸಲ ಪಾಯಸ ಹಾಕಿಸಿಕೊಂಡೆ. ಮನೆಗೆ ಬಂದು ಗಂಡನಿಗೆ ಹೇಳಿ ನಕ್ಕೆ. ಅವರು ನಗಲಿಲ್ಲ. ಎದ್ದು ಹಿತ್ತಲಿಗೆ ಹೋದರು.

ಈಗ ಹೇಳಹೊರಟದ್ದು ಬಹ್ರೈನಿನಲ್ಲಿ, ಕೆಲವು ವರ್ಷಗಳ ಹಿಂದೆ, ಒಂದು ಸಂಜೆ ನಡೆದದ್ದು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ. ನಡೆದದ್ದನ್ನು ಮಾತ್ರ ತಿದ್ದಬೇಡಿ, ಅದನ್ನು ತಿದ್ದಲು ಬಂದವರ ಮೇಲೆಯೇ ನನಗೆ ಸಿಟ್ಟು.

ಗಂಡ ತೀರಿಹೋದ ಮೇಲೆ ಮಗ ರೋಶನ್ ನನ್ನನ್ನು ಇಲ್ಲಿಗೆ ಕರೆಸಿಕೊಂಡ. ಅವನು ಆಫೀಸಿನ ಕೆಲಸದವನು, ಸೊಸೆ ಶಾರ್ಲೆಟ್ ನರ್ಸ್. ಜುಫೈರಿನ ಎತ್ತರದ ಕಟ್ಟಡದಲ್ಲಿ ಫ್ಲ್ಯಾಟು. ಮೊಮ್ಮಗಳು ಆಶ್ಲಿನ್‌ಗೆ ಆಗ ಆರು ವರ್ಷ. ಆ ಹುಡುಗಿಯ ಬಗ್ಗೆ ಬರೆಯಲು ಕೂತರೆ ಮುಗಿಯುವುದಿಲ್ಲ. ನನ್ನನ್ನು ಅವಳು ಕರೆಯುವುದು 'ವಡ್ಲಿಮಾಯ್' ಎಂದು. ನಮ್ಮ ಕೊಂಕಣಿಯಲ್ಲಿ ಅಜ್ಜಿ. ಅವಳಿಗೆ ಬರುತ್ತಿದ್ದ ಹತ್ತಿಪ್ಪತ್ತು ಕೊಂಕಣಿ ಶಬ್ದಗಳಲ್ಲಿ ಅದೊಂದು. ಅವಳು ಹಾಗೆ ಕರೆದುಕೊಂಡು ಓಡಿ ಬಂದರೆ ನನ್ನ ಮಂಡಿನೋವು ಅರ್ಧ ಇಳಿಯುತ್ತದೆ. ರಾತ್ರಿ ನನ್ನ ಪಕ್ಕದಲ್ಲೇ ಮಲಗುವವಳು, ಕಾಲು ನನ್ನ ಹೊಟ್ಟೆಯ ಮೇಲೆ ಹಾಕಿಕೊಂಡು.

ಅಕ್ಟೋಬರ್ ಕೊನೆಗೆ ಈ ಕಟ್ಟಡದಲ್ಲಿ ಹ್ಯಾಲೋವೀನ್ ಗದ್ದಲ. ಕೆಳಗೆ ವಾಚ್‌ಮನ್ ಕೂರುವ ಮೇಜಿನ ಪಕ್ಕದಲ್ಲೇ ಪ್ಲಾಸ್ಟಿಕ್ಕಿನ ಅಸ್ಥಿಪಂಜರ, ಲಿಫ್ಟಿನ ಬಾಗಿಲಿಗೆ ಹತ್ತಿಯ ಜೇಡರಬಲೆ. ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಬೇಡುತ್ತವೆ. ರೋಶನ್ ಪ್ರಾರ್ಥನೆಯ ವಿಷಯದಲ್ಲಿ ಬಹಳ ಬಿಗಿ.

"ಈ ಸೈತಾನನ ಆಟ ನಮ್ಮ ಮನೆಗೆ ಬೇಡ. ನಾಳೆ ಸಕಲ ಸಂತರ ಹಬ್ಬ, ನಾಡಿದ್ದು ಸತ್ತವರ ದಿನ. ಇವತ್ತು ದೆವ್ವದ ವೇಷ ಹಾಕುದಾ?"

"ಎಲ್ಲರೂ ಹೋಗ್ತಾರೆ ಪಪ್ಪಾ! ನಾನು ಮಾತ್ರ ಎಂತ, ಒಳಗೆ ಕೂತು ತೇರ್ಸ್ ಹೇಳುದಾ?" ಎಂದು ಆಶ್ಲಿನ್ ಅತ್ತಳು. ತೇರ್ಸ್ ಅಂದರೆ ನಾವು ದಿನಾ ಸಂಜೆ ಮಾಡುವ ಜಪಸರದ ಪ್ರಾರ್ಥನೆ.

ನನಗೆ ರೇಗಿತು. ಮಗುವಿನ ಕೈಯಿಂದ ಒಂದನ್ನು ಕಿತ್ತುಕೊಂಡರೆ ಇನ್ನೊಂದನ್ನು ಕೊಡಬೇಕಲ್ಲ? ಶಾರ್ಲೆಟ್, "ಸಂತರ ವೇಷ ಹಾಕುವ" ಎಂದಳು. ನಾನು ಹೇಳಿದೆ, "ಬೇಡುದು ಬೇಡ, ನಾವೇ ಕೊಡುವ. ಉಂಡೆ ಮಾಡ್ತೇನೆ. ಒಂದು ಮನೆಗೆ ಒಂದು ಉಂಡೆ. ಬದಲಿಗೆ ಆ ಮನೆಯಲ್ಲಿ ತೀರಿಹೋದ ಒಬ್ಬರ ಹೆಸರು ಕೇಳುವ. ಇಗರ್ಜಿಯಲ್ಲಿ ಸತ್ತವರ ದಿನ ಹೆಸರು ಓದುದಿಲ್ವಾ, ಹಾಗೆ. ಸಂಜೆ ತೇರ್ಸಿನಲ್ಲಿ ಒಂದೊಂದು ಹೆಸರಿಗೆ ಒಂದೊಂದು ದೀಪ." ರೋಶನ್ ಒಪ್ಪಿದ. ನಮ್ಮ ಮನೆಯ ಹೊಸ ಹಬ್ಬ ಹೀಗೆ ಹುಟ್ಟಿದ್ದು.

ಎಳ್ಳು, ನೆಲಗಡಲೆ ಹಾಕಿ ಬೆಲ್ಲದ ಉಂಡೆ ಕಟ್ಟಿದೆ. ಪಾಕ ಸ್ವಲ್ಪ ಹೆಚ್ಚಾಗಿ ಉಂಡೆ ಕಲ್ಲಿನ ಹಾಗಾಯಿತು, ಹಲ್ಲಿದ್ದವರಿಗೂ ಕಷ್ಟ. ಕಿಟಕಿಯ ನೀಲಿ ಪರದೆ ಆಶ್ಲಿನ್‌ಗೆ ಮೇರಿಮಾತೆಯ ಮೇಲುವಸ್ತ್ರವಾಯಿತು. ಕೇಕಿನ ಕೆಳಗೆ ಇಡುವ ಬಂಗಾರ ಬಣ್ಣದ ರಟ್ಟನ್ನು ರೋಶನ್ ತಲೆಯ ಹಿಂದೆ ಕಟ್ಟಿ ಪ್ರಭೆ ಮಾಡಿದ. ಮಸೀದಿಯ ಸಂಜೆಯ ಮಗ್ರಿಬ್ ಬಾಂಗ್ ಮುಗಿದ ಮೇಲೆ ನಾನೂ ಅವಳೂ ಹೊರಟೆವು. "ಟೇಕ್ ಒನ್, ಗಿವ್ ಒನ್!" ಎಂದು ಅವಳೇ ಒಂದು ಮಾತು ಕಟ್ಟಿಕೊಂಡಿದ್ದಳು.

ಏನು ಸಂತೋಷ ಮಾರಾಯ್ರೆ! ಪಾಕಿಸ್ತಾನದ ಡ್ರೈವರ್ ಬಾಗಿಲಲ್ಲೇ ನಿಂತು ತನ್ನ ತಾಯಿಯ ಹೆಸರು ಜೈನಬ್ ಎಂದು ಹೇಳಿ, ನನ್ನ ಕೈ ಹಿಡಿದು "ಅಮ್ಮಾಜಿ, ಜರೂರ್ ದುವಾ ಕರ್ನಾ" ಎಂದ, ಖಂಡಿತ ಪ್ರಾರ್ಥನೆ ಮಾಡಿ ಅಂತ. ಕೇರಳದ ಮುದುಕಿಯೊಬ್ಬಳು ಕುಂಞಮ್ಮ ಎಂಬ ಅಕ್ಕನ ಹೆಸರು ಕೊಟ್ಟು ಆಶ್ಲಿನ್‌ಳ ಕೆನ್ನೆಗೆ ಮುತ್ತಿಟ್ಟಳು. ಅಮೇರಿಕದ ಒಬ್ಬ ಎತ್ತರದ ಮನುಷ್ಯ ಬಹಳ ಹೊತ್ತು ಯೋಚಿಸಿ ಬಡ್ಡಿ ಎಂದ. ಯಾರೆಂದು ಕೇಳಿದರೆ, ಅವನ ನಾಯಿ.

ಮೇಲಿನ ಮಾಳಿಗೆಗೆ ಬಂದಾಗ ನನ್ನ ಮಂಡಿ ಕೈಕೊಟ್ಟಿತು. ಲಿಫ್ಟಿನ ಎದುರು ಯಾರೋ ಇಟ್ಟಿದ್ದ ಸ್ಟೂಲಿನಲ್ಲಿ ಕೂತು, ಮೂಲೆಯ ಮನೆಗೆ ಅವಳನ್ನೊಬ್ಬಳನ್ನೇ ಕಳಿಸಿದೆ. ಅದು ಹೋಟೆಲಿನಲ್ಲಿ ಕೆಲಸ ಮಾಡುವ ಮರಿಸೆಲ್ ಎಂಬ ಫಿಲಿಪೈನ್ಸಿನ ಹೆಂಗಸಿನ ಮನೆ. ಬಾಗಿಲು ಗೋಡೆಯಿಂದ ಸ್ವಲ್ಪ ಒಳಗಿದ್ದುದರಿಂದ ನನಗೆ ಬಾಗಿಲು ಕಾಣುತ್ತಿರಲಿಲ್ಲ. ಮಗು ಕಾಣುತ್ತಿತ್ತು. ಬೆಲ್ ಒತ್ತಿದಳು. ನಿಂತಳು. ಆಮೇಲೆ ಮಾತಾಡತೊಡಗಿದಳು, ತಲೆ ತಗ್ಗಿಸಿ.

ಅಷ್ಟು ಹೊತ್ತೂ ಎಲ್ಲ ಬಾಗಿಲುಗಳಲ್ಲಿ ಅವಳು ತಲೆ ಎತ್ತಿಯೇ ಮಾತಾಡಿದ್ದು. ಸಣ್ಣ ಮಕ್ಕಳು ದೊಡ್ಡವರ ಹತ್ತಿರ ಹಾಗೆಯೇ ತಾನೆ? ಇಲ್ಲಿ ನೆಲ ನೋಡುತ್ತಿದ್ದಳು. ಮತ್ತೆ ಕುಕ್ಕರಗಾಲಿನಲ್ಲಿ ಕೂತು ಉಂಡೆ ಮುಂದೆ ಚಾಚಿದಳು. ಏನನ್ನೋ ಕೇಳಿಸಿಕೊಳ್ಳುವವಳಂತೆ ತಲೆಯಾಡಿಸಿದಳು. ಆ ಮನೆಯಲ್ಲಿ ಅಂಬೆಗಾಲಿಡುವ ಮಗು ಉಂಟು ಎಂದುಕೊಂಡೆ, ಅಷ್ಟೇ. ಹಿಂದೆ ಬರುವಾಗ ಅವಳ ಬಾಯಿ ಆಡುತ್ತಿತ್ತು.

"ಹೆಸರು ಸಿಕ್ಕಿತಾ?"

"ಸಿಕ್ಕಿತು."

ಮನೆಯಲ್ಲಿ ಶಾರ್ಲೆಟ್ ಸ್ಟೀಲಿನ ಹರಿವಾಣದಲ್ಲಿ ಪುಟ್ಟ ಮೇಣದ ದೀಪಗಳನ್ನು ಜೋಡಿಸಿಟ್ಟಿದ್ದಳು. ತೇರ್ಸ್ ಮುಗಿಸಿ, ಆಶ್ಲಿನ್ ಒಂದೊಂದು ಹೆಸರು ಹೇಳಿ ಒಂದೊಂದು ದೀಪ ಹಚ್ಚತೊಡಗಿದಳು. ಜೈನಬ್. ಕುಂಞಮ್ಮ. ಬಡ್ಡಿ ಎಂದಾಗ ರೋಶನ್ ತಡೆದ. "ನಾಯಿಗೆ ಪ್ರಾರ್ಥನೆ ಇಲ್ಲ ಮಗಾ." ಮಗು ಹಚ್ಚುವ ಬತ್ತಿಯನ್ನು ಬಿಡಲಿಲ್ಲ. ಶಾರ್ಲೆಟ್, "ಇರ್ಲಿ ಮಾರಾಯ್ರೆ, ಅದೂ ದೇವರು ಮಾಡಿದ ಜೀವವೇ ಅಲ್ವಾ" ಎಂದಳು. ನಾಯಿಗೂ ದೀಪ ಹಚ್ಚಿದರು. ನಾನೂ ನಕ್ಕೆ.

ಆಮೇಲೆ ಮಗು, "ಚಾನಿ" ಎಂದಿತು.

ನನ್ನ ಕೈಯಿಂದ ಜಪಸರ ಜಾರಿತು.

"ಜಾನಿ ಇರ್ಬೇಕು. ಆ ಮೂಲೆಮನೆಯವರದ್ದು" ಎಂದ ರೋಶನ್. "ಅವರಲ್ಲಿ ಮನೆಗೊಬ್ಬ ಜಾನಿ. ಸರಿ, ಜಾನಿಯ ಆತ್ಮಕ್ಕೆ..."

"ಜಾನಿ ಅಲ್ಲ ಪಪ್ಪಾ. ಚಾ-ನಿ. ಬೇಬಿ."

"ಬೇಬಿ ಹೆಸರು ಹೇಳ್ತದಾ?" ಶಾರ್ಲೆಟ್ ನಕ್ಕಳು.

"ಹೇಳ್ಲಿಲ್ಲ. ನಂಗೆ ಗೊತ್ತಾಯ್ತು. ವಡ್ಲಿಮಾಯ್‌ಗೆ ಗೊತ್ತುಂಟು, ಕೇಳಿ ಬೇಕಾದ್ರೆ."

"ಮತ್ತೆ ನಿನ್ನ ಬಾಯಲ್ಲಿ ಎಳ್ಳು ಎಂತಕ್ಕೆ ಅಂಟಿದ್ದು? ಅವರಿಗೆ ಕೊಡುವ ಉಂಡೆ ಎಲ್ಲಿ?"

"ಅವನಿಗೆ ಹಲ್ಲೇ ಇಲ್ಲ ಮಮ್ಮಿ. ಅದಕ್ಕೆ ನಾನೇ ತಿಂದೆ."

ಗಂಡ ಹೆಂಡತಿ ಒಟ್ಟಿಗೆ ನಕ್ಕರು. ನಕ್ಕು ಆದ ಮೇಲೆ ರೋಶನ್‌ಗೆ ಬಿಗಿ ನೆನಪಾಯಿತು. "ಉಂಡೆ ಕದ್ದು ತಿಂದದ್ದಲ್ಲದೆ ದೇವರ ಎದುರು ಸುಳ್ಳು ಬೇರೆ! ಮಂಡಿ ಊರು" ಎಂದು ಮಗುವಿನ ಕೈಯಲ್ಲಿದ್ದ ಉರಿಯುವ ಬತ್ತಿಯನ್ನು ತೆಗೆದುಕೊಂಡು ಊದಿದ.

ಓದುವವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕೊಂಕಣಿಯಲ್ಲಿ ಚಾನಿ ಎಂದರೆ ಅಳಿಲು. ಆಶ್ಲಿನ್‌ಗೆ ಆ ಶಬ್ದ ಗೊತ್ತಿರಲಿಲ್ಲ. ಅವಳಿಗೆ ಅದು ಚಿತ್ರದ ಪುಸ್ತಕದ ಸ್ಕ್ವಿರಲ್. ಜುಫೈರಿನ ರಸ್ತೆಯಲ್ಲಿ ಚಾನಿ ಎಲ್ಲಿಂದ ಬರಬೇಕು?

ಮದುವೆಯಾದ ಮರುವರ್ಷ ನನಗೊಂದು ಗಂಡುಮಗು ಹುಟ್ಟಿತ್ತು. ತಿಂಗಳು ತುಂಬಿರಲಿಲ್ಲ. ಕಣ್ಣು ಬಿಡದ ಚಾನಿಮರಿಯ ಹಾಗೆ ಅಂಗೈಯಷ್ಟು, ಅದರ ಹಾಗೆಯೇ ಸಣ್ಣ ಸ್ವರ. ಬೆಳಿಗ್ಗೆ ಹುಟ್ಟಿದವನು ಮಧ್ಯಾಹ್ನದ ಹೊತ್ತಿಗೆ ಸುಮ್ಮನಾದ. ಅಷ್ಟು ಹೊತ್ತು ನಾನು ಅವನನ್ನು ಎದೆಗೆ ಇಟ್ಟುಕೊಂಡು, ಯಾರಿಗೂ ಕೇಳದ ಹಾಗೆ, ಚಾನಿ ಎಂದು ಕರೆದೆ. ತಲೆಗೆ ನೀರು ಹಾಕಿ ಹೆಸರಿಡುವ ಜ್ಞಾನಸ್ನಾನ ಆಗಿರಲಿಲ್ಲ. "ನೀರು ಬೀಳದ ಮಗುವಿಗೆ ಹೆಸರಿಲ್ಲ, ಪ್ರಾರ್ಥನೆಯೂ ಇಲ್ಲ, ಇನ್ನು ಮುಂದೆ ಈ ಮನೆಯಲ್ಲಿ ಆ ಮಾತು ಎತ್ತಬಾರದು" ಎಂದರು ಅತ್ತೆ. ಇಗರ್ಜಿಯ ಹಿರಿಯರು ಸಮಾಧಿ ಜಾಗದೊಳಗೆ ಬಿಡಲಿಲ್ಲ. ಗಂಡ ಹಳೆಯ ಮುಂಡಿನಲ್ಲಿ ಸುತ್ತಿ ತೆಗೆದುಕೊಂಡು ಹೋಗಿ ಗೋಡೆಯ ಹೊರಗೆ ಗೇರುಮರದ ಕೆಳಗೆ ಇಟ್ಟು ಬಂದರು. ಬಾಣಂತಿಯೆಂದು ನನ್ನನ್ನು ಹೊಸ್ತಿಲು ದಾಟಿಸಲಿಲ್ಲ. ಈಗ ಆ ಗೇರುಮರ ಇಲ್ಲ. ಇಗರ್ಜಿಯ ಪೂಜೆಗೆ ಬಂದವರು ಸ್ಕೂಟರ್ ನಿಲ್ಲಿಸುವ ಜಾಗ ಅದು.

ಜೀವ ಹೋಗುವ ಹೊತ್ತಿಗೆ ಫಾದರೇ ಬೇಕೆಂದಿಲ್ಲ, ಯಾರು ಬೇಕಾದರೂ ನೀರು ಹಾಕಿ ಜ್ಞಾನಸ್ನಾನ ಕೊಡಬಹುದು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಒಂದು ಚೊಂಬು ನೀರು! ನಮ್ಮ ಬಾವಿ ತುಂಬ ನೀರಿತ್ತು. ಆ ಕೋಣೆಯಲ್ಲಿ ನನ್ನಿಂದ ಹಿರಿಯರು ಎಷ್ಟು ಜನ ಇದ್ದರು! ಯಾರ ಕೈಗೂ ಚೊಂಬು ಸಿಕ್ಕಲಿಲ್ಲವಾ? ಗಿರಿಜಕ್ಕನ ಮನೆಯಲ್ಲಿ ನಾನು ನಕ್ಕದ್ದು ಹೊಟ್ಟೆಕಿಚ್ಚಿನಿಂದ. ಅವಳ ಮಗು ಮದುಮಗಳಾಯಿತು, ನನ್ನದು ಇಲ್ಲವೇ ಇಲ್ಲ ಎಂದಾಯಿತು. ಚಾನಿ ಎಂಬ ಹೆಸರನ್ನು ನಾನು ಗಂಡನಿಗೂ ಹೇಳಿರಲಿಲ್ಲ.

ಅಂಥ ಹೆಸರು ಈ ಪೋರಿಯ ಬಾಯಲ್ಲಿ ಬಂತು, ನನ್ನ ಮಗ ಅದನ್ನು ಜಾನಿ ಮಾಡಿ, ಊದಿ ಆರಿಸಿದ.

ನನಗೆ ಅಷ್ಟು ಸಿಟ್ಟು ಅದಕ್ಕೆ ಮುಂಚೆ ಯಾವತ್ತೂ ಬಂದಿರಲಿಲ್ಲ. ಎದ್ದು ನಿಂತೆ, ಮಂಡಿನೋವು ಎಲ್ಲಿ ಹೋಯಿತೋ. "ಏಳು ಮಗಾ, ನೀನು ಮಂಡಿ ಊರುದು ಬೇಡ" ಎಂದು ಆಶ್ಲಿನ್‌ಳನ್ನು ಎಬ್ಬಿಸಿದೆ. "ನಾಯಿಗೆ ದೀಪ ಹಚ್ಚಿದ್ರಿ ಅಲ್ವಾ? ಯಾರದ್ದೋ ಮನೆಯ ನಾಯಿಗೆ! ನನ್ನ ಮಗನಿಗೆ ಹಚ್ಚುದಕ್ಕೆ ನಿಮಗೆ ಯಾರ ಅಪ್ಪಣೆ ಬೇಕು?"

"ಅಮ್ಮಾ, ಎಂತ ಹೇಳುದು ನೀವು? ಯಾವ ಮಗ?"

"ಚಾನಿ. ಜಾನಿ ಅಲ್ಲ. ನೀನು ನನ್ನ ಹಿರಿಮಗ ಅಲ್ಲ ರೋಶು. ನೀನು ಎರಡನೆಯವ."

ಎಲ್ಲ ಹೇಳಿದೆ. ಅತ್ತೆಯನ್ನು ಬೈದೆ, ಇಗರ್ಜಿಯ ಹಿರಿಯರನ್ನು ಬೈದೆ, ತೀರಿಹೋದ ಗಂಡನನ್ನೂ ಬಿಡಲಿಲ್ಲ. ದೇವರ ಪೀಠದ ಎದುರೇ ಬೈದೆ. ಶಾರ್ಲೆಟ್ ಹೆರಿಗೆಯ ವಾರ್ಡಿನಲ್ಲಿ ಕೆಲಸ ಮಾಡಿದವಳು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅಪ್ಪ ತೀರಿಹೋದಾಗ ಹಿರಿಮಗನೆಂದು ಶಿಲುಬೆ ಹಿಡಿದು ಮುಂದೆ ನಡೆದವನು ರೋಶನ್. ಕೊನೆಗೆ ಬತ್ತಿಯನ್ನು ಮತ್ತೆ ಹೊತ್ತಿಸಿದ. ಸಾಲಿನ ಮುಂದಿನ ದೀಪಕ್ಕೆ ಮುಟ್ಟಿಸಿದ.

"ನನ್ನ ಅಣ್ಣ ಚಾನಿಗೆ" ಎಂದ.

"ಆಮೆನ್" ಎಂದಳು ಆಶ್ಲಿನ್, ಎಲ್ಲರಿಗಿಂತ ಜೋರಾಗಿ. ತಲೆಯ ಹಿಂದಿನ ರಟ್ಟು ಓರೆಯಾಗಿತ್ತು.

ಮರುದಿನ ನಾನೇ ರೋಶನ್‌ನನ್ನು ಎಳೆದುಕೊಂಡು ಮೇಲಿನ ಮಾಳಿಗೆಗೆ ಹೋದೆ. ಮರಿಸೆಲ್ ಬಾಗಿಲು ತೆರೆದಳು. ಹಿಂದಿನ ದಿನ ಮಧ್ಯಾಹ್ನದಿಂದ ಹೋಟೆಲಿನಲ್ಲಿ ಡ್ಯೂಟಿ, ಮನೆಗೆ ಬೀಗ ಹಾಕಿತ್ತು, ಬೆಲ್ ಒತ್ತಿದ್ದೇ ತನಗೆ ಗೊತ್ತಿಲ್ಲ ಎಂದಳು. ಅವಳಿಗೆ ಮಕ್ಕಳಿಲ್ಲ. ಜಾನಿ ಎಂಬ ನೆಂಟನೂ ಇಲ್ಲ.

ಇಳಿದು ಬರುವಾಗ ಲಿಫ್ಟಿನಲ್ಲಿ ರೋಶನ್ ಹೇಳಿದ, "ನೀವು ನಿದ್ದೆಯಲ್ಲಿ ಆ ಹೆಸರು ಹೇಳಿರ್ಬೇಕು ಅಮ್ಮಾ. ಮಗು ಪಕ್ಕದಲ್ಲೇ ಮಲಗುದಲ್ವಾ. ಬಾಗಿಲು ತೆಗೀಲಿಲ್ಲ, ಉಂಡೆ ತಿನ್ನುವ ಆಸೆ, ಒಂದು ಕತೆ ಕಟ್ಟಿದ್ಲು." ಇರಬಹುದು. ಇಲ್ಲ ಎನ್ನಲು ನನ್ನ ಹತ್ತಿರ ಸಾಕ್ಷಿ ಇಲ್ಲ, ನಿದ್ದೆಯಲ್ಲಿ ನಾನು ಏನು ಮಾತಾಡುತ್ತೇನೋ ನನಗೇನು ಗೊತ್ತು? ಆದರೆ ಅವನು ಹೇಳಿದ ರೀತಿಗೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ತಲೆ ತಗ್ಗಿಸಿ ಮಾತಾಡುತ್ತಿದ್ದ ಆ ಹುಡುಗಿಯನ್ನು ನೋಡಿದ್ದು ನಾನು, ಅವನಲ್ಲ.

ಇಲ್ಲಿಯ ಫಾದರಿಗೂ ಹೇಳಿದೆ. ಒಳ್ಳೆಯ ಮನುಷ್ಯ. "ಈಗ ಹಾಗಿಲ್ಲ ಅಮ್ಮಾ, ಅಂಥ ಮಕ್ಕಳನ್ನು ನಾವು ದೇವರ ದಯೆಗೆ ಒಪ್ಪಿಸ್ತೇವೆ" ಎಂದರು. ಈಗ ಹಾಗಿಲ್ಲವಂತೆ! ಹಾಗಾದರೆ ಅಂದಿನದ್ದನ್ನು ಯಾರು ಬಂದು ಸರಿಮಾಡುತ್ತಾರೆ? ಸ್ಕೂಟರ್‌ಗಳನ್ನು ಯಾರು ಬದಿಗೆ ಸರಿಸುತ್ತಾರೆ? ಅವರು ಹೆಸರು ಬರೆದುಕೊಂಡರು. ಮುಂದಿನ ಸತ್ತವರ ದಿನದ ಪೂಜೆಯಲ್ಲಿ, ಪೀಟರ್, ಮೇರಿಯರ ನಡುವೆ, ಚಾನಿ ಎಂದು ಓದಿದರು. ಜನ ತಿರುಗಿ ತಿರುಗಿ ನೋಡಿದರು. ನೋಡಲಿ. ಆ ದಿನ ನನಗಾದ ಸಂತೋಷವನ್ನು ನಾಲ್ಕು ಮಕ್ಕಳ ಮದುವೆ ಮಾಡಿದವರಿಗೂ ದೇವರು ಕೊಟ್ಟಿರಲಾರ.

ಆಶ್ಲಿನ್‌ಗೆ ಈಗ ಹನ್ನೊಂದು. ಕೇಳಿದರೆ, "ನಿಜವಾ ವಡ್ಲಿಮಾಯ್? ನಂಗೆ ನೆನಪೇ ಇಲ್ಲ" ಎನ್ನುತ್ತಾಳೆ. ನಮ್ಮ ಹಬ್ಬ ಮಾತ್ರ ನಿಂತಿಲ್ಲ. ಕಟ್ಟಡದ ಬೇರೆ ಮಕ್ಕಳೂ ಸೇರಿಕೊಂಡಿದ್ದಾರೆ, ಕೆಲವರು ದೆವ್ವದ ವೇಷದಲ್ಲೇ ಬಂದು ಹೆಸರು ಕೇಳುತ್ತಾರೆ. ರೋಶನ್ ಈಗ ಬಾಯಿ ಬಿಡುವುದಿಲ್ಲ.

ಅವತ್ತು ಆ ಮೂಲೆಯಲ್ಲಿ ಏನಿತ್ತು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಎಷ್ಟು ಯೋಚಿಸಿದರೂ ಬಗೆಹರಿಯುವುದಿಲ್ಲ. ಎಲ್ಲರ ಮನೆಗೂ ಉಂಡೆ ಹೋಗುತ್ತದೆ. ಮೂಲೆಯ ಮನೆಗೆ ಮಾತ್ರ ನಾನು ರಾಗಿ ಮಣ್ಣಿ ಮಾಡುತ್ತೇನೆ, ನಮ್ಮ ಊರಿನಲ್ಲಿ ಹಸುಗೂಸುಗಳಿಗೆ ಮಾಡುವ ಹಾಗೆ, ಗಂಟಿಲ್ಲದೆ, ನುಣ್ಣಗೆ. ಮರಿಸೆಲ್ ನಕ್ಕು ಬಟ್ಟಲು ತೆಗೆದುಕೊಳ್ಳುತ್ತಾಳೆ. ಅವಳು ಡ್ಯೂಟಿಗೆ ಹೋಗಿದ್ದರೆ ಬಾಗಿಲಿನ ಎದುರು ಇಟ್ಟು, ನಾನೂ ಅಲ್ಲೇ ಗೋಡೆಗೆ ಒರಗಿ ಕೂತು ಒಂದು ಚಮಚ ತಿನ್ನುತ್ತೇನೆ. ಅವನಿಗೂ ಹಲ್ಲಿಲ್ಲ, ಈಗ ನನಗೂ ಇಲ್ಲ.