ಕಣ್ಣು ತೆರೆಸದ ಮಕ್ಕಳು

ತಲಕಾಡಿನ ರಸ್ತೆ ಪಕ್ಕದ ಶೆಡ್ಡಿನಲ್ಲಿ ಒಬ್ಬ ತಾತ ವಿಗ್ರಹ ಕೆತ್ತುತ್ತಿದ್ದರು. ಉಳಿಗೆ ಒಂದು ಪೆಟ್ಟು ಹಾಕಿ, ಕಲ್ಲಿಗೆ ಕಿವಿ ಹಚ್ಚುವರು. ಯಾರಾದರೂ ಜೋರಾಗಿ ಮಾತಾಡಿದರೆ, "ಸುಮ್ಕಿರಿ, ಅದುಕ್ಕೆ ಕೇಳುಸ್ತದೆ" ಎನ್ನುವರು.

ನಾನು ನಂಜನಗೂಡಿನ ಶಾಲೆಯೊಂದರಲ್ಲಿ ಚರಿತ್ರೆ ಪಾಠ ಮಾಡುವವಳು. ನಮ್ಮ ಶಾಲೆಯ ಗೇಟಿನ ಬಳಿ ನಿಲ್ಲಿಸಲು ಇಂಥದೇ ಒಂದು ಶಿಲ್ಪ ಬೇಕೆಂದು, ಪರದೇಶದ ಸ್ಮಾರಕವೊಂದರ ಫೋಟೋ ತಾತನಿಗೆ ಕೊಟ್ಟೆ. ನಾಜಿಗಳ ಕೈಗೆ ಸಿಗದಂತೆ ಎರಡನೇ ಮಹಾಯುದ್ಧಕ್ಕೆ ಮುಂಚೆ ಹೆತ್ತವರು ರೈಲು ಹತ್ತಿಸಿ ಬೇರೆ ದೇಶಕ್ಕೆ ಕಳಿಸಿದ ಯಹೂದಿ ಮಕ್ಕಳು: ಪೆಟ್ಟಿಗೆ ಹಿಡಿದ ಅಣ್ಣ, ಅವನ ಕೈ ಹಿಡಿದ ತಂಗಿ.

"ಇವ್ರವ್ವ ಎಲ್ಲಿ?" ಎಂದರು ತಾತ.

"ಸ್ಟೇಷನ್ನಲ್ಲೇ ಉಳಿದ್ಲು. ಆಮೇಲೆ ಕೊಂದ್ರು," ಎಂದೆ.

ಮತ್ತೆ ಹೋದಾಗ ತಂಗಿಯ ಜಡೆ, ಪೆಟ್ಟಿಗೆಯ ಹಗ್ಗ ಎಲ್ಲ ಮುಗಿದಿತ್ತು. ಕಣ್ಣಿನ ಜಾಗ ಮಾತ್ರ ಬರೀ ನುಣುಪು. ದೇವರ ವಿಗ್ರಹಕ್ಕೆ ಕೊನೆಯಲ್ಲಿ ಕಣ್ಣು ಕೆತ್ತಿ ತೆರೆಸುವಾಗ ಎದುರಿಗೆ ಕನ್ನಡಿ ಹಿಡಿಯುವುದು ಅವರ ಪದ್ಧತಿ; ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು.

"ಮಕ್ಳಿಗೆ ಕನ್ನಡಿ ಆಗಕಿಲ್ಲ ಮೇಡಮ್ನೋರೆ. ಅವ್ವನೇ ಬೇಕು."

"ನಾನೇ ನಿಂತ್ಕೋತೀನಿ ಬಿಡಿ ತಾತ."

ಅವರು ಕಲ್ಲಿಗೆ ಕಿವಿಯಿಟ್ಟು ತುಸು ಹೊತ್ತು ಕೇಳಿದರು. "ಆಮೇಲೆ ಬುಟ್ಟೋಗಕ್ಕಾಗಕಿಲ್ಲ. ಇರ್ತೀರಾ?"

ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ನಾನು ಹೊರಟೆ.

ತಾತ ಈಗಿಲ್ಲ. ಕಣ್ಣಿಲ್ಲದ ಆ ಅಣ್ಣತಂಗಿ ನಮ್ಮ ಗೇಟಿನಲ್ಲಿ ನಿಂತಿದ್ದಾರೆ. ಸಂಜೆ ಮನೆಗೆ ಹೊರಟಾಗ ನಾನು ಅವರ ಬೆನ್ನ ಹಿಂದಿನಿಂದ, ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ಗೇಟು ದಾಟುತ್ತೇನೆ.