ಇಗ್ನಾಜನ ಗುರುತಿನ ಗೂಟ

ಕ್ರೆಸೆಂಟ್ಯಾ ಬೋರ್ಟಿಸಳನ್ನು ನಮ್ಮೂರಲ್ಲಿ ಯಾರೂ ಹುಚ್ಚಿ ಎಂದವರಲ್ಲ. ಹಾಗೆಂದವನು ಪಟ್ಟಣದಿಂದ ಬಂದ ಆ ಮಹಾನುಭಾವ. ನೆನೆದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಅವಳ ಗಂಡ ಇಗ್ನಾಜ್ ಕುರಿ ಹೊಡೆದುಕೊಂಡು ಅಲೆಚ್ ಹಿಮನದಿ ದಾಟುವಾಗ ಬಿರುಕಿಗೆ ಬಿದ್ದ. ಹೆಣ ಸಿಗಲಿಲ್ಲ. ಹೆಣ ಮಣ್ಣು ಸೇರುವ ತನಕ ಜೀವ ಆ ಮಂಜುಗಡ್ಡೆಯೊಳಗೇ ನಡುಗುತ್ತಿರುತ್ತದೆ ಎನ್ನುತ್ತಾರೆ ನಮ್ಮಲ್ಲಿ. ಇಗರ್ಜಿಯ ಹಿತ್ತಲಲ್ಲಿ ಅವನ ಗೋರಿಗೆಂದು ಕಾದಿರಿಸಿದ ಜಾಗದಲ್ಲಿ ಅವಳು ಕಳೆ ಕೀಳುತ್ತಿದ್ದಳು.

ಆಮೇಲೆ ಹಿಮನದಿಯ ನಕ್ಷೆ ಬರೆಯಲು ಪ್ರೊಫೆಸರ್ ರೈಶ್ಲಿನ್ ಬಂದರು. ಮಂಜುಗಡ್ಡೆ ಜರುಗುತ್ತದೆಯೇ ಎಂದು ಅಳೆಯಲು ಅದರ ಮೇಲೆ ಅಡ್ಡಕ್ಕೆ ಒಂದು ಸಾಲು ಗೂಟ ಹೊಡೆಸಿದರು. ಮೇಲಿನ ತಿರುವಿನಲ್ಲಿ, ಇಗ್ನಾಜ್ ಬಿದ್ದ ಬಿರುಕಿನ ಪಕ್ಕದಲ್ಲೇ, ಇನ್ನೊಂದು ಒಂಟಿ ಗೂಟ. ಎಲ್ಲವನ್ನೂ ಹೊತ್ತವಳು ಇವಳೇ. ಮರುವರ್ಷ ನೋಡಿದರೆ ಸಾಲು ಡೊಂಕು! ನಡುವಿನ ಗೂಟಗಳು ಕಣಿವೆಯ ಕಡೆಗೆ ಇಳಿದಿದ್ದವು.

"ಹಾಗಾದ್ರೆ ನಮ್ಮೋರೂ ಇಳೀತಿದಾರೆ ಕಣೇ ಯೋಸೆಫಾ! ಮನೆ ಕಡೇಗೇ ಬರ್ತಿದಾರೆ," ಎಂದು ನನ್ನ ಕೈ ಹಿಡಿದು ಅತ್ತಳು.

ಆ ಒಂಟಿ ಗೂಟಕ್ಕೆ ಅಡ್ಡಪಟ್ಟಿ ಬಿಗಿದು ಶಿಲುಬೆ ಮಾಡಿದಳು. ಅವನ ಜೊತೆಗೇ ಅದೂ ಇಳಿಯಲಿ, ಗುರುತು ತಪ್ಪದಿರಲಿ ಎಂದು. ಹಿಮನದಿ ಹೊಲಕ್ಕೆ ನುಗ್ಗದಿರಲೆಂದು ಅದರ ಅಂಚಿಗೆ ಶಿಲುಬೆ ನೆಡುವ ಊರು ನಮ್ಮದು. ಇದರಲ್ಲಿ ತಪ್ಪಿದೆಯೆಂದು ಯಾರಿಗೂ ಹೊಳೆಯಲಿಲ್ಲ. ಆದರೆ ಅಡ್ಡಪಟ್ಟಿಗೆ ಗಾಳಿ ಬಡಿದು ಗೂಟ ವಾಲಿತು, ಅವರ ಅಳತೆ ಕೆಟ್ಟಿತು. ಸರಿ, ಕೆಟ್ಟಿತು, ಬೈಯಲಿ! ಪ್ರೊಫೆಸರರ ಸಹಾಯಕ ಅದನ್ನು ಕಿತ್ತು, ಮುರಿದು, ಒಲೆಗಿಟ್ಟು ಕಾಫಿ ಕಾಯಿಸಿದ. ಶಿಲುಬೆಯನ್ನು! ಅವನ ಕೈ ಸೇದಿಹೋಗ!

ಇವಳು ಮೇಲೆ ಹತ್ತಿ ಹೋಗುವಷ್ಟರಲ್ಲಿ ಬೂದಿ ಉಳಿದಿತ್ತು. ಹೊಸ ಹಿಮ ಬಿದ್ದು ಬಿರುಕೂ ಮುಚ್ಚಿತ್ತು, ಗೂಟದ ಕುಳಿಯೂ ಮುಚ್ಚಿತ್ತು.

"ಒಂದು ಕೋಲಿಗೆ ಇಷ್ಟು ರಂಪಾನಾ? ಹುಚ್ಚಿ," ಎಂದ ಸಹಾಯಕ.

ಪ್ರೊಫೆಸರರಿಗೆ ಆಗ ಅಳತೆಯ ಚಿಂತೆ. "ಗೂಟ ಎಲ್ಲಿತ್ತು, ಸ್ವಲ್ಪ ತೋರಿಸಮ್ಮ," ಎಂದರು.

"ನಿಮ್ಮ ಹೊಟ್ಟೇಲಿ ಹುಡುಕ್ಕೊಳ್ಳಿ ಸ್ವಾಮಿ, ಕಾಫಿ ಜೊತೆ ಕುಡಿದ್ರಲ್ಲ!"

ಬೈದಳೇನೋ ನಿಜ. ಬೈದವಳೇ ಮಂಡಿಯೂರಿ ಬರಿಗೈಯಲ್ಲಿ ಹಿಮ ಕೆರೆದಳು. ಉಗುರು ಕಿತ್ತು ರಕ್ತ ಬಂದರೂ ಬಿಡಲಿಲ್ಲ. ನಾನೇ ಬಲವಂತವಾಗಿ ಎಬ್ಬಿಸಿ ಕರೆತಂದೆ.

ಅವರು ನಕ್ಷೆಯಲ್ಲಿ ಅಂದಾಜಿಗೆ ಒಂದು ಚುಕ್ಕೆ ಇಟ್ಟುಕೊಂಡು ಇಳಿದುಹೋದರು. ಅವರಿಗೆ ಅಷ್ಟು ಸಾಕಾಯಿತು. ಇವಳು ಇಗರ್ಜಿಯ ಹಿತ್ತಲಲ್ಲಿ ಇನ್ನೂ ಕಳೆ ಕೀಳುತ್ತಿದ್ದಾಳೆ. ಆ ಚುಕ್ಕೆಯನ್ನು ತಂದು ಮಣ್ಣು ಮಾಡಲಾಗುತ್ತದೆಯೇ, ನೀವೇ ಹೇಳಿ!