ಹಾಡಿನ ಗೆರೆ, ಗಂಟೆಯ ಗೆರೆ

ಮನುಷ್ಯನ ದುಃಖಗಳಲ್ಲಿ ಹೆಚ್ಚಿನವು, ಕೇಳಿಸಬೇಕಾದದ್ದು ಕೇಳಿಸಬೇಕಾದ ಹೊತ್ತಿಗೆ ಕೇಳಿಸದೆ ಹೋದದ್ದರಿಂದ ಹುಟ್ಟುತ್ತವೆ. ಈ ಮಾತನ್ನು ನಾನು ಬಹಳ ಯೋಚಿಸಿ, ಚಿತ್ರದುರ್ಗದ ಒಂದು ಮೊಬೈಲ್ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಹೇಳಿದೆ. ಅಂಗಡಿಯವನು ನನ್ನ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಹಂಗೇನಿಲ್ಲ ಸಾರ್, ರಿಂಗು ಸೈಲೆಂಟಾಗೈತೆ, ಅಷ್ಟೆ" ಎಂದ.

ಆ 'ಅಷ್ಟೆ'ಯ ವಿಚಾರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ರೇಡಿಯೊ ಕಾಲದವನು. ಅಪ್ಪ ತಂದಿದ್ದ ರೇಡಿಯೊಗೆ ಎರಡೇ ತಿರುಪು. ಎಡಗಡೆಯದು ಸ್ಟೇಷನ್ನಿಗೆ, ಬಲಗಡೆಯದು ದನಿಗೆ. ಬಲಗಡೆಯದನ್ನು ಏರಿಸಿದರೆ ಎಲ್ಲವೂ ಏರುತ್ತಿತ್ತು: ವಾರ್ತೆ, ಹಾಡು, ರೈತರಿಗೆ ಸಲಹೆ, ಗೊರಗೊರ ಸದ್ದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ತಾಲ್ಲೂಕು ಕಚೇರಿಗಳಲ್ಲಿ ಮೂವತ್ತು ಚಿಲ್ಲರೆ ವರ್ಷ ಕಡತ ಕಟ್ಟಿ ಬಿಚ್ಚಿ ನಿವೃತ್ತನಾದ ಮೇಲೂ ನನ್ನ ಈ ತಿಳಿವಳಿಕೆ ಕದಲಿರಲಿಲ್ಲ. ಒಂದು ಕಚೇರಿಗೆ ಒಬ್ಬ ತಹಸೀಲ್ದಾರ್ ಇರುವ ಹಾಗೆ ಒಂದು ಯಂತ್ರಕ್ಕೆ ಒಂದು ದನಿ. ಆದರೆ ಈ ಸ್ಮಾರ್ಟ್‌ಫೋನಿನೊಳಗೆ ನಾಲ್ವರು ಅಧಿಕಾರಿಗಳು ಕುಳಿತಿದ್ದಾರೆ. ಹಾಡಿಗೊಬ್ಬ, ಗಂಟೆಗೊಬ್ಬ, ಅಲಾರಮ್ಮಿಗೊಬ್ಬ, ಮಾತಿಗೊಬ್ಬ. ಒಬ್ಬರ ಮೇಜಿನ ಕಡತವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಈ ಬಗ್ಗೆ ನನಗೆ ಯಾವ ಸುತ್ತೋಲೆಯೂ ಬಂದಿರಲಿಲ್ಲ.

ಅಕ್ಕನನ್ನು ಕೊಟ್ಟದ್ದು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಮಗ್ಗುಲಿನ ಹಳ್ಳಿಗೆ. ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಅವ್ವ ಬೇಗ ಹೋದದ್ದರಿಂದ ನನ್ನ ಮೂಗು ಒರೆಸಿ ಶಾಲೆಗೆ ಕಳಿಸಿದವಳು ಅವಳೇ. ನಾನು ಗೆಜೆಟೆಡ್ ಆಗದೆ ಉಳಿದದ್ದಕ್ಕೂ ಕೊನೆಯವರೆಗೆ ತನ್ನನ್ನೇ ಹೊಣೆ ಮಾಡಿಕೊಂಡಿದ್ದಳು. ಭಾವ ತೀರಿಕೊಂಡ ಮೇಲೆ ಮಗ ಸೊಸೆಯ ಜೊತೆ ಇದ್ದಳು. ಬೆಳಗ್ಗೆ ಏಳು ಗಂಟೆಗೆ ನನಗೊಂದು ಮಿಸ್ಡ್ ಕಾಲ್ ಕೊಡುತ್ತಿದ್ದಳು. ಗಂಟೆ ಒಂದೇ ಸಲ ಹೊಡೆದು, ಕಟ್. ಚೆನ್ನಾಗಿದ್ದೇನೆ ಎಂದು ಅದರ ಅರ್ಥ. ಮಾತಾಡಿದರೆ ದುಡ್ಡು ಬೀಳುತ್ತಿದ್ದ ಕಾಲದಲ್ಲಿ ಶುರುವಾದ ಪದ್ಧತಿ ಅದು. ಆಮೇಲೆ ಎಷ್ಟು ಮಾತಾಡಿದರೂ ಬಿಟ್ಟಿ ಎಂದಾದಾಗಲೂ ಅಕ್ಕ ಬಿಡಲಿಲ್ಲ. ಚೆನ್ನಾಗಿದ್ದೇನೆ ಅನ್ನುವುದಕ್ಕೆ ಅಷ್ಟೊಂದು ಮಾತು ಯಾಕೆ ಎಂಬುದು ಅವಳ ವಾದ.

ಅದನ್ನು ಎತ್ತುವುದು ಅಪರಾಧ. ಒಮ್ಮೆ ಅವಳ ದನಿ ಕೇಳುವ ಆಸೆಯಾಗಿ ಗಬಕ್ಕನೆ ಎತ್ತಿಬಿಟ್ಟಿದ್ದೆ. ಆ ಕಡೆಯಿಂದ ಗಾಬರಿಯ ದನಿ ಬಂತು: "ಯಾಕಲೇ ಎತ್ತಿದೆ? ಯಾರಿಗೇನಾತು?" ಯಾರಿಗೂ ಏನೂ ಆಗಿಲ್ಲವೆಂದು ಒಪ್ಪಿಸುವುದಕ್ಕೆ ಕಾಲು ಗಂಟೆ ಹಿಡಿಯಿತು. ಅಂದಿನಿಂದ ನಾನು ಎತ್ತಲಿಲ್ಲ. ಹೀಗಾಗಿ ನಮ್ಮಲ್ಲಿ ಫೋನು ಎತ್ತದಿರುವುದೂ ಒಂದು ಉತ್ತರವಾಯಿತು: ತಿಳಿಯಿತು ಎಂದು. ಅಕ್ಕನ ಮಗ ಹೊಳಲ್ಕೆರೆಯಿಂದ ಹೊರಟಾಗ ಮನೆಗೊಂದು ಮಿಸ್ಡ್ ಕಾಲ್ ಕೊಟ್ಟರೆ ಒಲೆಯ ಮೇಲೆ ಅನ್ನಕ್ಕೆ ಎಸರು ಬೀಳುತ್ತಿತ್ತು. ಯಾರೂ ಎತ್ತುತ್ತಿರಲಿಲ್ಲ, ಎಲ್ಲರಿಗೂ ತಿಳಿಯುತ್ತಿತ್ತು. ನಾಲ್ಕು ಜನ ಮಾತೇ ಆಡದೆ ಇಷ್ಟು ಅಚ್ಚುಕಟ್ಟಾಗಿ ಬಾಳುವುದನ್ನು ನಾನು ಯಾವ ಇಲಾಖೆಯಲ್ಲೂ ನೋಡಿಲ್ಲ.

ಎರಡು ವರ್ಷದ ಹಿಂದೆ ಅಕ್ಕ ಕಣ್ಣು ತೋರಿಸಲು ಚಿತ್ರದುರ್ಗದ ನಮ್ಮ ಮನೆಗೆ ಬಂದಿದ್ದಳು. ಡಾಕ್ಟರು ಕಣ್ಣಿಗೆ ಬಿಟ್ಟ ಔಷಧಿಯ ಮಂಜು ಇಳಿದ ಮೇಲೆ, ಸೀರೆ ಅಂಗಡಿಗೆ ನಡಿ ಎಂದಳು. ನಮ್ಮಲ್ಲಿ ಹೆಣ್ಣುಮಗಳು ಸತ್ತರೆ ತವರಿನ ಸೀರೆ ಬರಬೇಕು. ಅಣ್ಣನೋ ತಮ್ಮನೋ ತಂದು ಮೈಮೇಲೆ ಹೊದಿಸಬೇಕು, ಆಮೇಲೆಯೇ ಎತ್ತುವುದು. ಎಷ್ಟು ಸೀರೆ ಉಟ್ಟು ಹರಿದವಳಾದರೂ ಕೊನೆಯದು ತವರಿನದೇ. ತವರೆಂದು ಅಕ್ಕನಿಗೆ ಉಳಿದಿದ್ದವನು ನಾನೊಬ್ಬ. ಅವಳು ಬದುಕಿಡೀ ನನ್ನ ಆಯ್ಕೆಯನ್ನು ನಂಬಿದವಳಲ್ಲ. ಇದೊಂದನ್ನು ಮಾತ್ರ ನಂಬುವುದುಂಟೇ?

ಅಂಗಡಿಯವನು ಯಾವ ಫಂಕ್ಷನ್ನಿಗೆ ಅಮ್ಮ ಎಂದು ಕೇಳಿದ.

"ನನ್ ಮಣ್ಣಿಗೆ ಕಣಪ್ಪ. ಚೆನ್ನಾಗಿರಾದು ತೆಗಿ."

ಅವನು ಗೋಡೆಯ ಮೇಲಿನ ದೇವರ ಪಟವನ್ನೊಮ್ಮೆ ನೋಡಿ ಮೆಲ್ಲಗೆ ಹತ್ತಿ ಸೀರೆಗಳ ಗಂಟು ಬಿಚ್ಚಿದ. ಅಕ್ಕ ಒಂದೊಂದನ್ನೂ ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, ನೀಲಿ ಮೈಯ ಸಣ್ಣ ಅಂಚಿನದೊಂದನ್ನು ಆರಿಸಿದಳು. ಬಣ್ಣ ಬಿಡುತ್ತದೆಯೇ ಎಂದೂ ವಿಚಾರಿಸಿದಳು. ಹೊರಗೆ ಬಂದು ಕಬ್ಬಿನಹಾಲು ಕುಡಿಯುತ್ತಾ ನನಗೆ ತಾಕೀತು ಮಾಡಿದಳು: "ಇದನ್ನೇ ತರ್ಬೇಕು. ಮರ್ತು ಪಾಲಿಸ್ಟರ್ ತಂದುಗಿಂದೀಯ. ಅದು ಮಣ್ಣಾಗೂ ಕರಗಲ್ಲ ಕಣೋ. ನಾನು ಕರಗಿದ ಮ್ಯಾಲೂ ಅದು ಹಂಗೇ ಬಿದ್ದಿರ್ತೈತೆ."

ಸೀರೆಯನ್ನು ನನ್ನ ಹೆಂಡತಿ ಬೀರುವಿನ ಕೆಳಗಿನ ಅರೆಯಲ್ಲಿ ಹಳೆ ಪಂಚೆಯಲ್ಲಿ ಸುತ್ತಿಟ್ಟಳು. ನನ್ನ ಪಾಲಿಗೆ ಉಳಿದಿದ್ದ ಒಂದೇ ಸರ್ಕಾರಿ ಕೆಲಸ ಅದು: ಸುದ್ದಿ ಬಂದಾಗ ಸೀರೆ ತಲುಪಿಸುವುದು.

ಇನ್ನು ಗಂಟೆಯ ಕಥೆ. ನನ್ನ ಜೊತೆ ಒಂದೇ ಮೇಜಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದ ಗೆಳೆಯ ಹಿರಿಯೂರಿನಲ್ಲಿ ತೀರಿಕೊಂಡಿದ್ದ. ಅವನ ಶ್ರದ್ಧಾಂಜಲಿ ಸಭೆಗೆ ಗಂಡ ಹೆಂಡತಿ ಇಬ್ಬರೂ ಹೋಗಿದ್ದೆವು. ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸುವಾಗ ನನ್ನ ಜೇಬಿನಲ್ಲಿ ಮದುವೆಯ ವಾಲಗ ಶುರುವಾಯಿತು. ನನಗೆ ಚೆನ್ನಾಗಿ ಕೇಳಿಸಲೆಂದು ಅಕ್ಕನ ಮಗ ಹಾಕಿಕೊಟ್ಟಿದ್ದ ವಾಲಗ. ಗಾಬರಿಯಲ್ಲಿ ಒತ್ತಬಾರದ್ದನ್ನು ಒತ್ತಿದೆ. ಬೇರೆ ಕಾಲರ್ ಟ್ಯೂನ್ ಬೇಕೇ ಎಂದು ಒಬ್ಬ ಹೆಣ್ಣುಮಗಳ ರೆಕಾರ್ಡಿನ ದನಿ ಇಡೀ ಸಭೆಯನ್ನು ಕೇಳಿತು. ಸತ್ತವನ ಹೆಂಡತಿ ನನ್ನತ್ತ ನೋಡಿದರು. ನನ್ನ ಹೆಂಡತಿ ಜೇಬಿಗೆ ಕೈ ಹಾಕಿ ಫೋನು ಕಿತ್ತುಕೊಂಡು, ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಿ, ಗಂಟೆಯ ಚಿತ್ರದ ಮೇಲೆ ಗೀಟು ಬೀಳುವ ತನಕ ಬಿಡಲಿಲ್ಲ. "ಅದರ ಬಾಯಿ ಮುಚ್ಚಿಸೀನಿ. ಇನ್ನು ನೀವು ಸುಮ್ಮನೆ ನಿಂತ್ಕಳ್ರಿ" ಎಂದು ಪಿಸುಗುಟ್ಟಿದಳು.

ವಾಪಸ್ಸು ಬರುವಾಗ ಐಮಂಗಲ ದಾಟುವ ಹೊತ್ತಿಗೆ ಅವಳು ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋಗಿದ್ದಳು. ನಾಳೆ ಏಳು ಗಂಟೆಗೆ ಅಕ್ಕನ ಗಂಟೆ ಕೇಳಬೇಕಲ್ಲ ಎಂದು ನಾನು ಫೋನಿನ ಪಕ್ಕೆಯ ಗುಂಡಿಯನ್ನು ಮೇಲಕ್ಕೆ ಒತ್ತುತ್ತಾ ಹೋದೆ. ಪರದೆಯ ಮೇಲೊಂದು ಗೆರೆ ತುಂಬಿತು. ಪರೀಕ್ಷೆ ಮಾಡದೆ ಸಹಿ ಹಾಕುವವನಲ್ಲ ನಾನು. ಒಂದು ಹಳೆಯ ಸಿನಿಮಾ ಹಾಡು ಹಾಕಿ ನೋಡಿದೆ. ಇಡೀ ಬಸ್ಸು ನನ್ನ ಕಡೆ ತಿರುಗಿತು. ಕಂಡಕ್ಟರು ಸ್ವಲ್ಪ ತಗ್ಗಿಸ್ರಿ ಯಜಮಾನ್ರೇ ಎಂದ. ಫೋನಿಗೆ ಬಾಯಿ ಬಂತೆಂದು ನನಗೆ ಬಹಳ ಸಮಾಧಾನವಾಯಿತು.

ಮರುದಿನ ಬೆಳಗ್ಗೆ ಗೂಟಕ್ಕೆ ತೂಗುಹಾಕಿದ ಅಂಗಿಯ ಜೇಬಿನಲ್ಲಿ ಹಾಡು ಹಾಡುತ್ತಿತ್ತು, ನಾನು ಗಡ್ಡ ಹೆರೆಯುತ್ತಿದ್ದೆ. ಹಾಡು ನಡುವೆ ಒಮ್ಮೆ ತಡವರಿಸಿ, ಮತ್ತೆ ಮುಂದುವರಿಯಿತು. ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡೆ. ಆಮೇಲೆ ನೋಡಿದರೆ ಪರದೆಯ ಮೇಲೆ ಕೆಂಪು ಬಾಣದ ಗುರುತಿನ ಜೊತೆ 'ಅಕ್ಕ' ಎಂದಿತ್ತು. ಹಾಡಿನ ಗದ್ದಲದಲ್ಲಿ ಗಂಟೆ ಕೇಳಿಸಿಲ್ಲ, ಆದರೂ ವಿಷಯ ತಲುಪಿದೆ. ವ್ಯವಸ್ಥೆ ಸರಿಯಾಗಿದೆ ಎಂದು ಷರಾ ಬರೆದುಕೊಂಡೆ. ಮುಂದಿನ ಮೂರು ದಿನವೂ ಹಾಗೆಯೇ ನಡೆಯಿತು. ಏಳಕ್ಕೆ ಹಾಡು ಒಮ್ಮೆ ತಡವರಿಸುತ್ತಿತ್ತು, ನಾನೊಮ್ಮೆ ನೆಟ್‌ವರ್ಕಿನವರನ್ನು ಬೈಯುತ್ತಿದ್ದೆ, ಆಮೇಲೆ ಅಕ್ಕನ ಹೆಸರು ನೋಡಿ ನೆಮ್ಮದಿಯಿಂದ ಉಪ್ಪಿಟ್ಟು ತಿನ್ನುತ್ತಿದ್ದೆ.

ಐದನೆಯ ದಿನ ನನ್ನ ಹೆಂಡತಿ ತನ್ನ ತಂಗಿಯ ಸೊಸೆಯ ಸೀಮಂತಕ್ಕೆಂದು ಮೊದಲ ಬಸ್ಸಿಗೆ ಹೊಸದುರ್ಗಕ್ಕೆ ಹೋದಳು. ಹೋಗುವಾಗ ಒಂದು ಮಂಕರಿ ಹುಣಸೆಹಣ್ಣು ಹಿತ್ತಲಿಗೆ ತಂದಿಟ್ಟು, ಬೀಜ ಬಿಡಿಸಿಡಿ ಎಂದಿದ್ದಳು. ಏಳೂವರೆಗೆ ಪರದೆ ನೋಡಿದೆ. 'ಅಕ್ಕ' ಎಂದಿತ್ತು. ಹೆಸರಿನ ಪಕ್ಕದಲ್ಲಿ ಸಣ್ಣದಾಗಿ ಏನೋ ಅಂಕಿಯೂ ಇತ್ತು. ಕನ್ನಡಕ ಒಳಗಿತ್ತು, ಹೆಸರು ಕಂಡರೆ ಸಾಕಲ್ಲ. ಅಕ್ಕ ಚೆನ್ನಾಗಿದ್ದಾಳೆ. ಫೋನನ್ನು ಕಿಟಕಿಯಲ್ಲಿ ಮಡಿಸಿದ ಟವೆಲ್ಲಿನ ಮೇಲೆ ಬೋರಲು ಹಾಕಿ, ಹಾಡು ಹಚ್ಚಿ, ಹುಣಸೆಹಣ್ಣಿನ ಮುಂದೆ ಕುಳಿತೆ.

ಅಕ್ಕ ಅಂದು ಬೆಳಕು ಹರಿಯುವ ಮುಂಚೆ ಹೋಗಿದ್ದಳು. ಸೊಸೆ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತಂತೆ. ಮಗ ನನಗೆ ತಿಳಿಸಲು ಅವಳ ಫೋನನ್ನೇ ತೆಗೆದುಕೊಂಡಿದ್ದ. ಅದರಲ್ಲಿ ಒತ್ತಿದರೆ ಮೊದಲು ಬರುವ ಹೆಸರು ನನ್ನದೇ. ನಾನು ನೋಡಿ ಸಮಾಧಾನಪಟ್ಟ ಹೆಸರು, ಅವಳ ಸಾವಿನ ಸುದ್ದಿಯ ಕರೆಯದು.

ಹನ್ನೊಂದರ ಸುಮಾರಿಗೆ ಹಾಡು ನಿಂತಿತು. ತಡವರಿಸಲಿಲ್ಲ, ನಿಂತೇಬಿಟ್ಟಿತು. ಮುಕ್ಕಾಲು ನಿಮಿಷ ಬಿಟ್ಟು ಮತ್ತೆ ಹಿಡಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ನಿಂತಿತು. ಎರಡೂ ಕೈಗೆ ಹುಣಸೆಹಣ್ಣಿನ ಅಂಟು. ಎದ್ದು ಹೋಗಿ, ಒಂದು ಬೆರಳನ್ನು ಪಂಚೆಗೆ ಒರೆಸಿಕೊಂಡು, ಬೋರಲಾಗಿದ್ದ ಫೋನನ್ನು ತಿರುಗಿಸದೆಯೇ ಪಕ್ಕೆಯ ಗುಂಡಿಯನ್ನು ಇನ್ನಷ್ಟು ಒತ್ತಿದೆ. ಒಂದು ಗಂಟೆಗೆ ಮತ್ತೊಮ್ಮೆ ನಿಂತಾಗ ನೆಟ್‌ವರ್ಕಿನವರ ಮೇಲೆ ಒಂದು ದೂರು ಅರ್ಜಿಯನ್ನೇ ಮನಸ್ಸಿನಲ್ಲಿ ಬರೆದೆ. ಮಾನ್ಯರೇ ಎಂಬಲ್ಲಿಂದ ತಮ್ಮ ವಿಶ್ವಾಸಿ ಎಂಬಲ್ಲಿಯವರೆಗೆ, ಭಾಷೆ ಚೆನ್ನಾಗಿ ಬಂದಿತ್ತು.

ಎರಡೂವರೆಗೆ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ ಕೂಗಿದರು. ಹಾಡಿನ ಅಬ್ಬರದಲ್ಲಿ ಮೊದಲು ಕೇಳಿಸಲಿಲ್ಲ. ಗೇಟು ತೆರೆದುಕೊಂಡು ಹಿತ್ತಲಿಗೇ ಬಂದರು.

"ಏನಣ್ಣಾರೆ, ಹಿಂಗೆ ಹಾಡ್ ಹಾಕ್ಕಂಡು ಕುಂತೀರಿ? ನಿಮ್ಮಕ್ಕಾರು ಹೋಗ್ಬಿಟ್ರಂತೆ. ಬೆಳಗ್ಗಿಂದ ನಿಮ್ಮ ದಾರಿ ನೋಡ್ತಾ ಅವ್ರೆ."

ಹೊಸದುರ್ಗದಲ್ಲಿದ್ದ ನನ್ನ ಹೆಂಡತಿಗೆ ಸೀಮಂತಕ್ಕೆ ಬಂದ ಯಾರೋ ನೆಂಟರ ಬಾಯಲ್ಲಿ ಸುದ್ದಿ ಸಿಕ್ಕಿತ್ತು. ನನಗೆ ಫೋನು ಮಾಡಿ, ಎತ್ತದಿದ್ದಾಗ, ಅದರ ಬಾಯಿ ಮುಚ್ಚಿಸಿದವಳು ತಾನೇ ಎಂಬುದು ಅವಳಿಗೆ ನೆನಪಾಗಿ ಪಕ್ಕದ ಮನೆಗೆ ಮಾಡಿದ್ದಳು.

ಬೀರುವಿನಿಂದ ಸೀರೆ ತೆಗೆದೆ. ಕೈ ತೊಳೆಯಬೇಕೆಂದು ಆಗಲೂ ಹೊಳೆಯಿತು, ತೊಳೆದೇ ಮುಟ್ಟಿದೆ. ಹೊಳಲ್ಕೆರೆ ಬಸ್ಸು ಹತ್ತಿ ಕುಳಿತು ಅಕ್ಕನ ನಂಬರಿಗೆ ಕರೆ ಮಾಡಿದೆ; ಆ ಮನೆಯದೆಂದು ನನ್ನಲ್ಲಿದ್ದ ನಂಬರು ಅದೊಂದೇ. ಗಂಟೆ ಪೂರ್ತಿ ಹೊಡೆದು ನಿಂತಿತು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಹಾಗಾದರೆ ತಿಳಿದಿದೆ, ಕಾಯುತ್ತಾರೆ ಎಂದು ಧೈರ್ಯ ತಂದುಕೊಂಡೆ. ಅರವತ್ತು ದಾಟಿದವನು, ತಲೆಗೂದಲು ಉದುರಿದವನು, ಇಷ್ಟು ನಿಶ್ಚಿಂತೆಯಿಂದ ನಂಬಿದೆ. ಹೊಳಲ್ಕೆರೆಯಲ್ಲಿ ಇಳಿದು ಆಟೋ ಹಿಡಿದೆ. ದಾರಿಯುದ್ದಕ್ಕೂ ಸೀರೆ ತೊಡೆಯ ಮೇಲಿತ್ತು. ಆಟೋದವನು ಯಾವ ಶುಭಕಾರ್ಯಕ್ಕೆ ಎಂದು ಕೇಳಿದ. ಅಕ್ಕನ ಹಾಗೆ ಉತ್ತರ ಕೊಡುವ ಧೈರ್ಯ ನನಗಿರಲಿಲ್ಲ.

ತಲುಪಿದಾಗ ಐದು ಗಂಟೆ ದಾಟಿತ್ತು. ಅಂಗಳ ಸಾರಿಸುತ್ತಿದ್ದರು. ನಾಲ್ಕಕ್ಕೆ ಅಮಾವಾಸ್ಯೆ ಹಿಡಿಯುತ್ತದೆ, ಅಷ್ಟರೊಳಗೆ ಮಣ್ಣಾಗಬೇಕು ಎಂದು ಊರಿನ ಹಿರಿಯರು ಹೇಳಿದ್ದರಂತೆ. ಮೂರೂವರೆಯವರೆಗೆ ಕಾದಿದ್ದರು. ಅಕ್ಕನ ಫೋನು ಅಡುಗೆಮನೆಯ ಗೂಡಿನಲ್ಲಿ ಇದ್ದಲ್ಲೇ ಇತ್ತು. ನನ್ನ ಎರಡು ಕರೆಗಳೂ ಅದರಲ್ಲಿ ಕೆಂಪು ಬಾಣಗಳಾಗಿದ್ದವು.

ಅಕ್ಕನ ಮಗ ತಲೆ ಬೋಳಿಸಿಕೊಂಡು ಜಗಲಿಯ ಮೇಲೆ ಕುಳಿತಿದ್ದ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

"ಬೆಳಗ್ಗೆ ಎಲ್ಡು ಸತಿ ಮಾಡ್ದೆ ಮಾವ, ಆಮ್ಯಾಲೂ ಮಾಡ್ದೆ. ಎತ್ಲಿಲ್ಲ. ಎತ್ಲಿಲ್ಲ ಅಂದ್ರೆ ತಿಳೀತು ಅಂತ ಅಲ್ವಾ ನಮ್ಮನೇಲಿ? ಬಸ್ಸಾಗೆ ಬರ್ತಾ ಇದೀಯ ಅಂದ್ಕಂಡೆ."

ಹೌದು ಎಂದೆ. ಮಣ್ಣು ಮಾಡಿದ ಜಾಗಕ್ಕೆ ಕರೆದುಕೊಂಡು ಹೋದ. ಹಸಿ ಮಣ್ಣಿನ ಮೇಲೆ ಸೀರೆ ಹೊದಿಸಲೇ ಎಂದು ಒಬ್ಬ ಹಿರಿಯರನ್ನು ಕೇಳಿದೆ. ಮಣ್ಣು ಮುಚ್ಚಿದ ಮೇಲೆ ಹಾಗೆಲ್ಲ ಮಾಡುವುದಿಲ್ಲ ಎಂದರು. ಯಾರಿಗಾದರೂ ಕೊಡಲೇ ಎಂದೆ. ಸತ್ತವರಿಗೆ ತಂದದ್ದನ್ನು ಯಾರೂ ಉಡುವುದಿಲ್ಲ, ತಂದವರೇ ತಗೊಂಡು ಹೋಗಬೇಕು ಎಂದರು. ಹೊಸದುರ್ಗದಿಂದ ಅಷ್ಟರಲ್ಲಿ ಬಂದು ಸೇರಿದ್ದ ನನ್ನ ಹೆಂಡತಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತನ್ನ ಬ್ಯಾಗಿನಲ್ಲಿ ಇಟ್ಟುಕೊಂಡಳು.

ಮೂರು ದಿನದ ಮೇಲೆ ಆ ಮೊಬೈಲ್ ಅಂಗಡಿಗೆ ಹೋದದ್ದು. ಅಂಗಡಿಯವನು ಪಕ್ಕೆಯ ಗುಂಡಿಯನ್ನು ಒತ್ತಿ, ಪರದೆಯ ಮೇಲೆ ಬಂದ ಒಂಟಿ ಗೆರೆಯ ಕೆಳಗಿನ ಮೂರು ಚುಕ್ಕಿಗಳನ್ನು ಮುಟ್ಟಿದ. ನಾಲ್ಕು ಗೆರೆಗಳು ಬಿಚ್ಚಿಕೊಂಡವು. ಇದು ಹಾಡಿಂದು, ಇದು ರಿಂಗಿಂದು, ಬೇರೆ ಬೇರೆ ಸಾರ್ ಎಂದು ತೋರಿಸಿದ. ಹಾಡಿನ ಗೆರೆ ತುದಿಮುಟ್ಟ ತುಂಬಿತ್ತು. ಗಂಟೆಯ ಗೆರೆ ಖಾಲಿ ಇತ್ತು. ಅವನು ಬೆರಳಿನಿಂದ ಅದನ್ನು ಮೇಲಕ್ಕೆ ಎಳೆದ; ಎರಡು ಸೆಕೆಂಡಿನ ಕೆಲಸ. ಅದಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಪರೀಕ್ಷೆಗೆಂದು ತನ್ನ ಫೋನಿನಿಂದ ಕರೆ ಮಾಡಿದಾಗ ಅಂಗಡಿಯ ತುಂಬ ವಾಲಗ ಮೊಳಗಿತು.

ನೀಲಿ ಸೀರೆ ಬೀರುವಿನ ಕೆಳಗಿನ ಅರೆಗೆ ವಾಪಸ್ಸು ಹೋಗಿದೆ. ಅಕ್ಕನ ಮೇಲೆ ತವರಿನ ಹೆಸರಿನಲ್ಲಿ ಹೊದಿಸಿದ್ದು, ಮೂರೂವರೆಗೆ ಅವಸರದಲ್ಲಿ ಬಿ.ದುರ್ಗದ ಅಂಗಡಿಯಿಂದ ತಂದ ಸೀರೆ. ಅದು ಪಾಲಿಸ್ಟರ್.